ಮಂಗಳೂರಿಗೆ ಮಳೆ ಬಂದ ಸುದ್ದಿ

ಕೊಪ್ಪಳ ಸ್ಟೇಷನ್ನಿನಲ್ಲಿ ಇಳಿದು ಒಂದು ಗುಟುಕು ನೀರು ಕುಡಿಯುವ ಮೊದಲೇ ಒಬ್ಬ ಗಾಡಿಯವನು ಹೊತ್ತು ಮುಳುಗುವುದರೊಳಗೆ ನನ್ನನ್ನು ಮಂಗಳೂರಿಗೆ ಮುಟ್ಟಿಸುತ್ತೇನೆ ಎಂದ. ಮಂಗಳೂರಿನಿಂದಲೇ ಹೊರಟು, ಬಸ್ಸಿನಲ್ಲಿ ಘಟ್ಟ ಹತ್ತಿ, ಬಸ್ಸು ಬಿಟ್ಟು ರೈಲು ಹಿಡಿದು, ಹುಬ್ಬಳ್ಳಿಯಲ್ಲಿ ಅದನ್ನೂ ಬಿಟ್ಟು ಇನ್ನೊಂದು ರೈಲು ಹತ್ತಿ, ಮೈಯೆಲ್ಲ ಇದ್ದಲ ಮಸಿ ಮಾಡಿಕೊಂಡು ಬಂದವಳು ನಾನು. "ಯಾವೂರ್ರಿ ಅಕ್ಕಾರ?" ಎಂದು ಅವನು ಕೇಳಿದ್ದಕ್ಕೆ ಊರಿನ ಹೆಸರು ಹೇಳಿದ್ದೆ, ಅಷ್ಟೆ.

"ಮಂಗಳೂರೇನ್ರಿ? ಹತ್ರಿ ಗಾಡಿ. ಕುಕನೂರು ದಾಟಿದ್ರ ಮಂಗಳೂರು ಬಂದಂಗ," ಎಂದು ನನ್ನ ಟ್ರಂಕಿಗೆ ಕೈ ಹಾಕಿದ.

ತಲೆ ತಿರುಗಿದ್ದು ಬಿಸಿಲಿಗೋ ಅವನ ಮಾತಿಗೋ ತಿಳಿಯಲಿಲ್ಲ. ನನ್ನನ್ನು ಕರೆದೊಯ್ಯಲು ಬಂದಿದ್ದ ನನ್ನ ಯಜಮಾನರು ನಗುತ್ತ ಟ್ರಂಕು ಬಿಡಿಸಿಕೊಂಡರು. ಯಲಬುರ್ಗಿ ಸೀಮೆಯಲ್ಲಿ ಮಂಗಳೂರು ಎಂಬ ದೊಡ್ಡ ಹಳ್ಳಿ ಇದೆಯಂತೆ. ಸಮುದ್ರವಿಲ್ಲದ, ಹಡಗಿಲ್ಲದ, ಹಂಚಿನ ಕಾರ್ಖಾನೆಯ ಚಿಮಣಿಯಿಲ್ಲದ ಮಂಗಳೂರು. ನನಗೆ ಬಂದದ್ದು ನಗುವಲ್ಲ, ಸಿಟ್ಟು. ನನ್ನ ಊರಿನ ಹೆಸರನ್ನು ಯಾರೋ ಹೇಳದೆ ಕೇಳದೆ ಎತ್ತಿಕೊಂಡು ಬಂದು ಈ ಕಾದ ಬಯಲಿನಲ್ಲಿ ಒಣಹಾಕಿದ್ದಾರೆ ಅನಿಸಿತು. ಆ ಸಿಟ್ಟಿನಲ್ಲಿ ಅಂಥದೊಂದು ಊರಿದೆ ಎಂಬುದನ್ನೇ ಮನಸ್ಸಿನಿಂದ ತೆಗೆದುಹಾಕಿದೆ.

ಇವರು ಕೊಪ್ಪಳದ ಬಜಾರಿನಲ್ಲಿ ಹೋಟೆಲು ಇಟ್ಟು ಆಗಲೇ ಒಂದು ವರ್ಷವಾಗಿತ್ತು. ನಮ್ಮ ಕಡೆಯವರ ಸ್ವಭಾವ ನಿಮಗೆ ಗೊತ್ತೇ ಇದೆ, ಎಲ್ಲಿ ಒಂದು ಅರೆಯುವ ಕಲ್ಲು ಹಾಕಲು ಜಾಗ ಸಿಕ್ಕಿತೋ ಅದೇ ಊರು. ಹೋಟೆಲಿನ ಹಿಂದೆಯೇ ನಮ್ಮ ವಾಸದ ಮನೆ. ಮನೆಯೋ ಪೆಟ್ಟಿಗೆಯೋ ಎಂದು ಮೊದಲ ದಿನ ಕೇಳಿಬಿಟ್ಟೆ. ಮೊಳದಗಲದ ಮಣ್ಣಿನ ಗೋಡೆ, ಕಿಟಕಿ ಎಂಬುದೇ ಇಲ್ಲ, ಹಂಚಿಲ್ಲ, ಮೇಲೆ ಚಪ್ಪಟೆಯಾಗಿ ಮಣ್ಣು ಹೊದಿಸಿದ ಮಾಳಿಗೆ. ಬೆಳಕು ಬರಲು ಮಾಳಿಗೆಯಲ್ಲೊಂದು ತೂತು, ಅದರ ಹೆಸರು ಬೆಳಕಿಂಡಿ. ನಮ್ಮಲ್ಲಿ ಮನೆ ಕಟ್ಟುವುದು ಮಳೆಗೆ ಹೆದರಿ. ಇಲ್ಲಿ ಮನೆ ಕಟ್ಟುವುದು ಬಿಸಿಲಿಗೆ ಹೆದರಿ. ಇದು ಅರ್ಥವಾಗಲು ನನಗೆ ಮೂರು ಬೇಸಿಗೆ ಬೇಕಾಯಿತು.

ಬಿಸಿಲಿನ ಮಾತು ಬಂತು. ನಮ್ಮ ಸೆಕೆ ಮೈಗೆ ಅಂಟುತ್ತದೆ, ಬೆವರು ಇಳಿಸುತ್ತದೆ, ಕೊನೆಗೆ ಸಮುದ್ರದ ಕಡೆಯಿಂದ ಗಾಳಿ ಬೀಸಿ ಕ್ಷಮೆ ಕೇಳುತ್ತದೆ. ಇಲ್ಲಿಯದೇ ಬೇರೆ, ಇಲ್ಲಿನವರು ಅದಕ್ಕೆ ಝಳ ಎನ್ನುತ್ತಾರೆ. ಅದು ಅಂಟುವುದಿಲ್ಲ, ಬೆವರು ಹೊರಬರುವ ಮೊದಲೇ ಕುಡಿದುಬಿಡುತ್ತದೆ. ತುಟಿ ಒಡೆದು, ಮೂಗಿನೊಳಗೆ ರಕ್ತ ಕಟ್ಟಿ, ಕಣ್ಣು ಮುಚ್ಚಿದರೆ ರೆಪ್ಪೆಯೇ ಸುಡುತ್ತದೆ. ಸಂಜೆಯಾದರೆ ತಂಪಾದೀತು ಎಂದು ಕಾದರೆ, ಊರ ಸುತ್ತ ನಿಂತ ಗುಡ್ಡದ ಬಂಡೆಗಳು ಹಗಲೆಲ್ಲ ನುಂಗಿದ ಬಿಸಿಯನ್ನು ಹೊರಬಿಡಲು ತೊಡಗುತ್ತವೆ. ನನ್ನ ದೊಡ್ಡ ಜಗಳ ಹಿಟ್ಟಿನ ಜೊತೆ. ಅಲ್ಲಿ ರಾತ್ರಿ ರುಬ್ಬಿಟ್ಟ ದೋಸೆಹಿಟ್ಟು ಬೆಳಿಗ್ಗೆ ಹದವಾಗಿ ಉಬ್ಬಿ ನನಗಾಗಿ ಕಾಯುತ್ತಿತ್ತು. ಇಲ್ಲಿ ಅದೇ ಹಿಟ್ಟು ಬೆಳಿಗ್ಗೆಯ ಹೊತ್ತಿಗೆ ಪಾತ್ರೆ ದಾಟಿ ನೆಲಕ್ಕಿಳಿದು ಹುಳಿ ನಾರುತ್ತಿತ್ತು. ಮೊದಲ ಬೇಸಿಗೆಯಲ್ಲಿ ನಾನು ಅತ್ತದ್ದು ಊರು ನೆನೆದು ಎಂದು ಇವರು ತಿಳಿದಿದ್ದಾರೆ. ಅದರಲ್ಲಿ ಅರ್ಧ ಅಳು ಹಿಟ್ಟಿಗಾಗಿ.

ನನ್ನನ್ನು ಸಂಭಾಳಿಸಿದವಳು ಪಕ್ಕದ ಮನೆಯ ನೀಲವ್ವ. ನಮ್ಮೆರಡು ಮನೆಗೂ ನಡುವೆ ಒಂದೇ ಗೋಡೆ. ಗಂಡನದು ಕಿರಾಣಿ ಅಂಗಡಿ, ಊರಾಚೆ ಹೊಲವೂ ಇತ್ತು. ಹಿಟ್ಟಿನ ಪಾತ್ರೆಯನ್ನು ಒದ್ದೆ ಮರಳಿನಲ್ಲಿ ಹೂತಿಡಲು ಹೇಳಿಕೊಟ್ಟವಳು ಅವಳೇ. ಹೊರಗೆ ಹೊರಟರೆ ಝಳ ಬಡಿಯದಿರಲೆಂದು ಸೆರಗಿನ ಚುಂಗಿಗೆ ಉಳ್ಳಾಗಡ್ಡಿ, ಅಂದರೆ ನಮ್ಮ ನೀರುಳ್ಳಿ, ಕಟ್ಟಿ ಕಳಿಸುತ್ತಿದ್ದಳು. ಜೋಳದ ಹಿಟ್ಟು ಕುದಿಸಿ ಆರಿಸಿ ಮಜ್ಜಿಗೆ ಬೆರೆಸಿದ ಅಂಬಲಿ ಕುಡಿಸಿದಾಗ ನಾನು ಮುಖ ಸಿಂಡರಿಸಿದೆ. ಆಮೇಲೆ ಅದೂ ನಮ್ಮ ಗಂಜಿಯ ಜಾತಿಯದೇ ಎಂದು ನಾಲಿಗೆ ಒಪ್ಪಿಕೊಂಡಿತು. ನಾನು "ನೀರು ಉಂಟಾ?" ಎಂದರೆ ಓಣಿಯ ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಗುವರು. ನೀಲವ್ವ ಮಾತ್ರ ನಗದೆ, "ಉಂಟು ಅಂದ್ರ ಐತಿ ಅಂತ, ನಗಾಕೇನೈತಿ?" ಎಂದು ಅವರನ್ನು ಗದರುವಳು. ಎರಡು ವರ್ಷ ಕಳೆಯುವಷ್ಟರಲ್ಲಿ ನನಗೆ ರೊಟ್ಟಿ ತಟ್ಟಲು ಬಂತು. ನನ್ನ ಮೊದಲ ರೊಟ್ಟಿ ಹರಿಯದೆ ಹೆಂಚಿಗೆ ಬಿದ್ದ ದಿನ ಅದನ್ನು ಕೈಯಲ್ಲಿ ಹಿಡಿದು ಓಣಿಗೆಲ್ಲ ತೋರಿಸಿ ಬಂದವಳು ನೀಲವ್ವ.

ನಾನು ಹೇಳಹೊರಟಿರುವುದು ಮೂರನೆಯ ಬೇಸಿಗೆಯದು. ಅಂಥ ಬಿಸಿಲನ್ನು ತಾವೂ ಕಂಡಿರಲಿಲ್ಲ ಎಂದು ಇಲ್ಲಿಯ ಮುದುಕರೇ ಹೇಳಿದರು. ಹೊತ್ತೇರುವ ಮೊದಲೇ ಬಜಾರಿನ ಬಾಗಿಲುಗಳು ಮುಚ್ಚುತ್ತಿದ್ದವು. ಕಾಗೆಗಳು ನಮ್ಮ ಹಿತ್ತಲಿನ ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಕೊಕ್ಕು ತೆರೆದು ಕುಳಿತರೆ ಓಡಿಸಿದರೂ ಏಳುತ್ತಿರಲಿಲ್ಲ. ಆದರೂ ಹುಬ್ಬಳ್ಳಿಯ ಪೇಪರು ರೈಲಿನಲ್ಲಿ ಬರುವ ಹೊತ್ತಿಗೆ ನಮ್ಮ ಹೋಟೆಲು ಮಾತ್ರ ತುಂಬುತ್ತಿತ್ತು. ಮುಖಪುಟದ ಯುದ್ಧ ಯಾರಿಗೂ ಬೇಡ. ಬೇಕಾದದ್ದು ಒಳಪುಟದ ಮೂಲೆಯಲ್ಲಿನ ಹವಾಮಾನ. ಓದುವವರು ಅರಿವೆ ಅಂಗಡಿಯ ಸಂಗಪ್ಪ ಶೆಟ್ಟರು. ಅವರು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, "ಒಳನಾಡಿನಲ್ಲಿ ಬಿಸಿಗಾಳಿ ಮುಂದುವರಿಯುವುದು" ಎಂದು ಸರ್ಕಾರದ ಹುಕುಂ ಓದಿದಂತೆ ಓದುತ್ತಿದ್ದರು. ದಿನವೂ ಅದೇ ಸಾಲು. ದಿನವೂ ಎಲ್ಲರೂ ಅದೇ ಮೊದಲ ಸಲವೆಂಬಂತೆ ಕೇಳುತ್ತಿದ್ದರು.

ತೊಂದರೆ ಏನೆಂದರೆ, ಪೇಪರಿನಲ್ಲಿ ಬಳ್ಳಾರಿ ಇರುತ್ತಿತ್ತು, ರಾಯಚೂರು ಇರುತ್ತಿತ್ತು, ಈ ಕಡೆಯ ಊರುಗಳ ಹೆಸರೇ ಇರುತ್ತಿರಲಿಲ್ಲ. ಆ ಕೊರತೆಯನ್ನು ಶೆಟ್ಟರು ತಾವೇ ತುಂಬಿಸುತ್ತಿದ್ದರು.

"ಬಳ್ಳಾರಿ ಬಿಸಲು, ರಾಯಚೂರು ಬಿಸಲು ಎರಡೂ ಕೂಡಿಸಿ ಅರ್ಧಾ ಮಾಡ್ರಿ. ಅದು ಕೊಪ್ಪಳ. ಗಂಗಾವತಿಗೆ ಹೊಳಿ ಐತಿ, ನೆಲ್ಲಿನ ಗದ್ದಿ ಅದಾವ, ಅದಕ್ಕ ಸ್ವಲ್ಪ ಕಡಿಮಿ. ಕುಷ್ಟಗಿಗೆ ಸ್ವಲ್ಪ ಜಾಸ್ತಿ."

"ಬರೇ ಸ್ವಲ್ಪೇನ್ರಿ ಶೆಟ್ರ?" ಎಂದು ಕುಷ್ಟಗಿಯಿಂದ ಬಂದವನೊಬ್ಬ ಮುನಿಸಿಕೊಂಡ. "ನಮ್ಮೂರ ಬಿಸಲು ನೋಡೀರೇನ್ರಿ ನೀವು?"

"ಆತು, ಭಾಳ ಜಾಸ್ತಿ ಅಂತ ಬರಕೋ."

"ಯಲಬುರ್ಗಿಗೆ ಏನಂತಾರ್ರಿ?"

"ಯಲಬುರ್ಗಿ ದೇವರಿಗೆ ಬಿಟ್ಟಿದ್ದು."

ಅಡಿಗೆ ಒಲೆಯ ಮುಂದೆ ಬೆಂದುಹೋಗುತ್ತಿದ್ದರೂ ಈ ಮಾತು ಕೇಳಿ ನನಗೆ ನಗು ಬರುತ್ತಿತ್ತು. ಆದರೆ ನನ್ನ ಕಿವಿ ಕಾಯುತ್ತಿದ್ದದ್ದು ಶೆಟ್ಟರು ಕೊನೆಗೆ ಗಡಿಬಿಡಿಯಿಂದ ಓದಿಬಿಡುವ ಕರಾವಳಿಯ ಸಾಲಿಗೆ. ಇಲ್ಲಿ ಅದರ ಗೊಡವೆ ಯಾರಿಗೂ ಇರಲಿಲ್ಲ.

ಆ ಬೇಸಿಗೆಯಲ್ಲಿ ನೀಲವ್ವನ ಮಗಳು ಶಾಂತವ್ವ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಕೂಸಿಗೆ ಇನ್ನೂ ಕತ್ತು ನಿಂತಿರಲಿಲ್ಲ. ಗಂಡ ನಿಂಗಪ್ಪ ಒಂದು ಸಲ ಕರೆಯಲು ಬಂದು ಬರಿಗೈಯಲ್ಲಿ ಹಿಂದಿರುಗಿದ್ದ. ಅಲ್ಲಿ ಮಳೆಯಾಗಲಿ, ಆಮೇಲೆ ಕಳಿಸುತ್ತೇನೆ ಎಂದು ನೀಲವ್ವ ಹಟ ಹಿಡಿದಿದ್ದಳು. ಈ ಧಗೆಯಲ್ಲಿ ಹಸುಗೂಸನ್ನು ದಿನವಿಡೀ ಗಾಡಿಯಲ್ಲಿ ಕಳಿಸುವ ಧೈರ್ಯ ಅವಳಿಗಿರಲಿಲ್ಲ. ಎರಡನೆಯ ಸಲ ಬಂದಾಗ ನಿಂಗಪ್ಪ ಕೊಟ್ಟಿಗೆಯಲ್ಲಿ ಎತ್ತು ಕಟ್ಟಿ ಸುಮ್ಮನೆ ಕುಳಿತುಬಿಟ್ಟ. ಶಾಂತವ್ವನ ಗಂಡನ ಊರು ಯಾವುದು ಎಂದು ನಾನು ಕೇಳಿಯೇ ಇರಲಿಲ್ಲ. ಓಣಿಯಲ್ಲಿ ಎಲ್ಲರೂ "ಆಕಿ ಮನಿ", "ಆಕಿ ಊರು" ಎನ್ನುವರೇ ಹೊರತು ಹೆಸರು ಹಿಡಿದು ಯಾರೂ ಹೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಶೆಟ್ಟರು ಎಂದಿನ ಬಿಸಿಗಾಳಿಯನ್ನು ಮುಂದುವರಿಸಿ, ಬಳ್ಳಾರಿ ರಾಯಚೂರನ್ನು ಕೂಡಿಸಿ ಅರ್ಧ ಮಾಡಿ, ಕೊನೆಗೆ ಓದಿದರು: "ಮಂಗಳೂರಿನಲ್ಲಿ ಗುಡುಗುಸಹಿತ ಒಳ್ಳೆಯ ಮಳೆ."

ನನ್ನ ಕೈಯ ಸಟ್ಟುಗ ಎಲ್ಲಿ ಬಿತ್ತೋ ಗೊತ್ತಿಲ್ಲ. ನಮ್ಮ ಅಂಗಳ ಕಣ್ಣಿಗೆ ಬಂತು. ಸಮುದ್ರದ ಮೇಲೆ ಕಪ್ಪಗೆ ಎದ್ದು ಬರುವ ಮೋಡ, ಹಂಚಿನ ಮೇಲೆ ಬೀಳುವ ಮೊದಲ ದಪ್ಪ ಹನಿಗಳ ಸದ್ದು, ಒಣಹಾಕಿದ ಹಪ್ಪಳ ಎತ್ತಲು ನನ್ನ ಅಮ್ಮ ಕೂಗಿಕೊಂಡು ಓಡುವುದು. ಅಳು ತಡೆಯಲಿಲ್ಲ. ಈ ಸಂತೋಷ ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತದೆ ಅನಿಸಿ ಹಿತ್ತಲಿನಿಂದ ನೀಲವ್ವನ ಮನೆಗೆ ಓಡಿದೆ.

"ನೀಲವ್ವ, ಮಂಗಳೂರಿನಲ್ಲಿ ಮಳೆ ಬಂತಂತೆ. ಪೇಪರಿನಲ್ಲಿ ಹಾಕಿದ್ದಾರೆ."

ನೀಲವ್ವ ಬೀಸುವ ಕಲ್ಲಿನಿಂದ ಕೈ ತೆಗೆದಳು. "ಖರೇನ್ರಿ?"

"ಖರೆ. ಶೆಟ್ಟರೇ ಓದಿದರು. ಗುಡುಗಿನ ಮಳೆ, ಒಳ್ಳೆಯ ಮಳೆ."

ಅವಳ ಕಣ್ಣು ತುಂಬಿ ಬಂದವು. ನೋಡಿ, ನನ್ನ ತವರಿನ ಮಳೆಗೆ ಈ ತಾಯಿ ಅಳುತ್ತಿದ್ದಾಳಲ್ಲ ಎಂದು ನಾನು ಅವಳನ್ನು ತಬ್ಬಿಕೊಂಡೆ. ಇಬ್ಬರೂ ಚೆನ್ನಾಗಿ ಅತ್ತೆವು. ಅವಳು ಒಳಗಿನಿಂದ ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದಳು. ತೊಟ್ಟಿಲ ಬಳಿಯಿದ್ದ ಶಾಂತವ್ವ ತಲೆ ಎತ್ತಲಿಲ್ಲ, ತೊಟ್ಟಿಲನ್ನು ಮಾತ್ರ ಜೋರಾಗಿ ತೂಗಿದಳು. ಬಾಗಿಲಲ್ಲಿ ಹಗ್ಗ ಹೊಸೆಯುತ್ತಿದ್ದ ನಿಂಗಪ್ಪನ ಕಿವಿ ಕೆಂಪಾದವು. ಅವನೂ ನನ್ನ ಸಂತೋಷಕ್ಕೆ ಕರಗಿದ ಎಂದುಕೊಂಡೆ. ಈ ಊರಿನವರ ಮನಸ್ಸು ಎಷ್ಟು ದೊಡ್ಡದು ಎಂದು ಆ ಸಂಜೆ ಇವರ ಮುಂದೆ ಹೇಳಿದ್ದೇ ಹೇಳಿದ್ದು.

ಮರುದಿನ ಬೆಳಗಿನ ಕೆಲಸ ಒಂದು ಹದಕ್ಕೆ ಬಂದ ಮೇಲೆ ಹಿತ್ತಲಿಗೆ ಹೋದರೆ ನೀಲವ್ವ ಬರಿದಾದ ತೊಟ್ಟಿಲಿನ ಹಗ್ಗ ಬಿಚ್ಚುತ್ತಿದ್ದಳು. ಮಗಳ ಉಡಿ ತುಂಬಿ, ಇನ್ನೂ ಕತ್ತಲಿರುವಾಗಲೇ ಗಾಡಿ ಹತ್ತಿಸಿದ್ದಳಂತೆ. ತನ್ನ ಗಂಡ ಸಂತೆಗೆ ಹೋಗಿದ್ದರಿಂದ ಒಬ್ಬಳೇ ನಿಂತು ಕಳಿಸಿದ್ದಳು.

"ಇಷ್ಟು ಬೇಗ ಯಾಕೆ ಕಳಿಸಿದಿರಿ ನೀಲವ್ವ?"

"ನೀವ ಹೇಳಿದ್ರೆಲ್ಲ ಅಕ್ಕಾರ, ಮಂಗಳೂರಾಗ ಮಳಿ ಆತು ಅಂತ. ಕೊಟ್ಟ ಮಾತು, ಇನ್ನ ಹೆಂಗ ಇಟ್ಕೊಳ್ಳಿ?" ಎಂದು ಸೆರಗಿನಿಂದ ಕಣ್ಣೊರಸಿಕೊಂಡಳು. "ಆಕಿ ಊರಿನ ಹೆಸರೂ ಪೇಪರಿನ್ಯಾಗ ಬಂತು ನೋಡ್ರಿ."

ಶಾಂತವ್ವನ ಗಂಡನ ಊರು ಯಾವುದೆಂದು ಆಗ ಹೊಳೆಯಿತು. ಸ್ಟೇಷನ್ನಿನ ಗಾಡಿಯವನು ಹೇಳಿದ ಮಂಗಳೂರು. ಅಲ್ಲಿ ಮಳೆಯೂ ಇಲ್ಲ, ಮೋಡವೂ ಇಲ್ಲ. ಕತ್ತು ನಿಲ್ಲದ ಕೂಸು ನಡುದಾರಿಯಲ್ಲಿ, ನೆತ್ತಿಯ ಮೇಲೆ ಬಿಸಿಲು. ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಅಲ್ಲೇ ಬೀಳುತ್ತಿದ್ದಳು. ಹೋಟೆಲಿಗೆ ಓಡಿ ಬಂದು ಇವರಿಗೆ ಹೇಳಿದೆ. ಎತ್ತುಗಳು ಈ ಬಿಸಿಲಲ್ಲಿ ಕುಕನೂರಿನ ದಾರಿಯ ತಳಕಲ್ ಊರು ದಾಟಲಾರವು, ಅಲ್ಲಿ ನಿಲ್ಲಿಸಲೇಬೇಕು ಎಂದು ಗಲ್ಲಾಪೆಟ್ಟಿಗೆಯ ಬಳಿ ಕುಳಿತಿದ್ದ ಒಬ್ಬರು ಹೇಳಿದರು.

"ನಾನು ಹೋಗುತ್ತೇನೆ," ಎಂದೆ.

"ಒಬ್ಬಳೇ ಹೋಗುವುದಾ?" ಎಂದರು ಇವರು. ಕೊಪ್ಪಳಕ್ಕೆ ಬಂದ ಮೇಲೆ ನಾನು ಒಬ್ಬಳೇ ಬಜಾರು ದಾಟಿದ್ದಿಲ್ಲ. ಆದರೂ ಇವರು ಮುಚ್ಚಳದ ಚೊಂಬಿಗೆ ಮಜ್ಜಿಗೆ ತುಂಬಿ, ಉಪ್ಪು ಹಾಕಿ, ತಮ್ಮ ಕೊಡೆಯನ್ನೂ ಕೈಗಿತ್ತು ಯಲಬುರ್ಗಿ ಮೋಟಾರಿನಲ್ಲಿ ಕೂರಿಸಿದರು. ನಮ್ಮವರು ಪ್ರೀತಿಯನ್ನು ಬಾಯಲ್ಲಿ ಹೇಳುವ ಜಾತಿಯಲ್ಲ, ಆದರೆ ಆ ಚೊಂಬನ್ನು ನಾನು ಮರೆಯುವವಳಲ್ಲ.

ಯುದ್ಧದಿಂದಾಗಿ ಪೆಟ್ರೋಲು ಸಿಗದೆ ಆಗ ಮೋಟಾರುಗಳೆಲ್ಲ ಇದ್ದಲ ಹೊಗೆಯಲ್ಲಿ ಓಡುತ್ತಿದ್ದವು. ಹಿಂದೆ ಕಟ್ಟಿದ ದೊಡ್ಡ ಒಲೆಗೆ ಕಂಡಕ್ಟರು ಆಗಾಗ ಇಳಿದು ಇದ್ದಲು ತುಂಬಬೇಕು. ಹೊರಗೆ ಝಳ, ಒಳಗೆ ಒಲೆ. ನಾನು ಕಣ್ಣು ಮುಚ್ಚಿ ನಮ್ಮ ಕಡೆಯ ದೇವರನ್ನೆಲ್ಲ ಕರೆದೆ. ಇಷ್ಟು ದೂರ ಅವರಿಗೆ ಕೇಳುತ್ತದೋ ಇಲ್ಲವೋ ಎಂಬ ಸಂಶಯ ಬಂದು ಈ ಕಡೆಯ ದೇವರನ್ನೂ ಕರೆದೆ.

ತಳಕಲ್ಲಿನಲ್ಲಿ ಒಂದು ಬೇವಿನ ಮರದ ಕೆಳಗೆ ಎತ್ತು ಬಿಚ್ಚಿದ ಗಾಡಿ ಕಂಡಿತು. ನಿಂಗಪ್ಪ ಎತ್ತುಗಳ ಮೈಗೆ ನೀರು ಎರಚುತ್ತಿದ್ದ. ನನ್ನನ್ನು ಕಂಡು ದೆವ್ವ ಕಂಡವನಂತೆ ನಿಂತ.

"ಒಳಗ ಅದಾರ್ರಿ," ಎಂದು ಎದುರಿನ ಮನೆ ತೋರಿಸಿದ.

ಯಾರದೋ ಮನೆ. ಗುರುತಿಲ್ಲದ ಮುದುಕಿಯೊಬ್ಬಳು ದಾರಿಯಲ್ಲಿ ಹೋಗುವ ಬಾಣಂತಿಯನ್ನು ಒಳಗೆ ಕರೆದು ಮಲಗಿಸಿದ್ದಳು. ಹೊಸ್ತಿಲು ದಾಟಿದ್ದೇ ನನ್ನ ಮೈಗೆ ತಂಪು ತಾಗಿತು. ಅದೇ ಮಣ್ಣಿನ ಗೋಡೆ, ಅದೇ ಕತ್ತಲೆ, ಅದೇ ಕಿಟಕಿಯಿಲ್ಲದ ಪೆಟ್ಟಿಗೆ. ಮೂರು ವರ್ಷ ಬೈದದ್ದಕ್ಕೆ ಒಳಗೊಳಗೇ ಆ ಗೋಡೆಗೆ ಕೈ ಮುಗಿದೆ. ಕೂಸು ಅಳುತ್ತಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. ತುಟಿ ಒಣಗಿ, ಕಣ್ಣು ಅರ್ಧ ತೆರೆದು ಸುಮ್ಮನೆ ಮಲಗಿತ್ತು.

"ಮುಂಜಾನಿಂದ ಉಚ್ಚಿ ಹೊಯ್ದಿಲ್ರಿ ಅಕ್ಕಾರ," ಎಂದಳು ಶಾಂತವ್ವ. "ಬಾಯಿಗಿಟ್ರ ಎಳಿಯವಲ್ದು. ನನಗೂ ಹಾಲು ಇಳಿವಲ್ವು."

ಗಂಡನ ಜೊತೆ ಕುಳಿತು ಗಳಿಗೆಗೊಮ್ಮೆ ಗಾಡಿ ನಿಲ್ಲಿಸಿ ಎನ್ನಲು ನಾಚಿ ಆಕೆ ದಾರಿಯುದ್ದಕ್ಕೂ ನೀರೇ ಕುಡಿದಿರಲಿಲ್ಲ. ಚೊಂಬಿನ ಮಜ್ಜಿಗೆಯನ್ನು ಬೈದು ಬೈದು ಕುಡಿಸಿದೆ. ಮುದುಕಿ ತೆಳ್ಳಗಿನ ಅಂಬಲಿ ತಂದುಕೊಟ್ಟಳು. ಹಳೆಯ ಸೀರೆಯ ತುಂಡನ್ನು ನೀರಲ್ಲಿ ಹಿಂಡಿ ಕೂಸಿನ ಮೈ ಒರೆಸಿ, ನನ್ನ ಮಡಿಲಿಗೆ ಹಾಕಿಕೊಂಡು ಬೀಸತೊಡಗಿದೆ. ಸ್ವಲ್ಪ ಹೊತ್ತಿನ ಮೇಲೆ ತಡೆಯದೆ ಹೇಳಿದೆ:

"ಶಾಂತವ್ವ, ಮಳೆ ಬಂದದ್ದು ನಮ್ಮ ಮಂಗಳೂರಿನಲ್ಲಿ. ಸಮುದ್ರದ ಕಡೆಯದು. ನಿಮ್ಮದರಲ್ಲಿ ಅಲ್ಲ."

ಅವಳು ಕೂಸಿನ ಹಣೆ ಮುಟ್ಟಿದಳು. "ಗೊತ್ತೈತ್ರಿ."

"ಗೊತ್ತಿತ್ತಾ?"

"ನಮ್ಮೂರ ಹೆಸರು ಪೇಪರಿನ್ಯಾಗ ಯಾರ್ ಹಾಕ್ತಾರ್ರಿ? ನೀವು ಅಳಕೊಂತ ಬಂದು ಹೇಳಿದ್ರಿ. ಅವ್ವ ನಂಬಿದ್ಲು. ನೀವು ಹೋದ ಮ್ಯಾಲ ನಮ್ಮ ಮನಿಯವ್ರು ನನ್ನ ಮಾರಿ ನೋಡಿದ್ರು, ನಾ ಅವ್ರ ಮಾರಿ ನೋಡಿದೆ. ಇಬ್ರೂ ಸುಮ್ನಾದ್ವಿ."

"ಯಾಕೆ ಹಾಗೆ ಮಾಡಿದೆ?"

"ನನ್ನ ಮನಿ ನೋಡಬೇಕು ಅನಿಸಿತ್ರಿ. ಅವ್ವನ ಬಿಸಲು ಹೋದ್ರ ಮಳಿ ಬರ್ತೈತಿ, ಮಳಿ ಹೋದ್ರ ಥಂಡಿ ಬರ್ತೈತಿ, ಅಕಿ ಕಳಸಾಕಿಲ್ಲ. ಅಲ್ಲಿ ಎಮ್ಮಿ ಈದೈತಂತ, ಕರಾ ನೋಡಿಲ್ಲ ನಾನು." ಅವಳ ದನಿ ಒಡೆಯಿತು. "ಕೂಸಿಗೇನರ ಆದ್ರ ಅವ್ವಗ ಹೆಂಗ ಮಾರಿ ತೋರಸ್ಲಿ ಅಕ್ಕಾರ?"

ಬೈಯಬೇಕೆಂದು ಬಾಯಿ ತೆರೆದಿದ್ದೆ. ಆದರೆ ಯಾರಾದರೂ ಬಂದು ಹೊರಡು, ದಾರಿಯೆಲ್ಲ ತಂಪಿದೆ ಎಂದು ಒಂದು ಸುಳ್ಳು ಹೇಳಿದ್ದರೆ, ಈ ಮೂರು ವರ್ಷದಲ್ಲಿ ಯಾವ ದಿನವಾದರೂ ನಾನು ಉಟ್ಟ ಸೀರೆಯಲ್ಲೇ ಹೊರಡುತ್ತಿದ್ದೆ. ಅವಳ ತಲೆಯನ್ನು ನನ್ನ ಹೆಗಲಿಗೆ ಒರಗಿಸಿಕೊಂಡೆ. ಬೀಸುತ್ತಲೇ ಇದ್ದೆ. ಮುದುಕಿ ಮತ್ತೊಂದು ಬೋಗುಣಿ ಅಂಬಲಿ ತಂದಳು.

ಹೊತ್ತು ವಾಲುವ ವೇಳೆಗೆ ಕೂಸು ಮುಖ ಕಿವುಚಿ, ಕೈ ಬಿಗಿ ಹಿಡಿದು, ಬಡಪಾಯಿಯಂತೆ ಒಂದು ಸಲ ಕುಂಯ್ ಎಂದಿತು. ಶಾಂತವ್ವ ಎದೆಗಿಟ್ಟುಕೊಂಡಳು. ಹಿಡಿಯಿತು. ಹೊಟ್ಟೆ ತುಂಬ ಎಳೆದು ಮತ್ತೆ ನನ್ನ ಮಡಿಲಿಗೆ ಬಂದದ್ದೇ, ಬೆಚ್ಚಗೆ, ಧಾರಾಳವಾಗಿ, ನನ್ನ ಸೀರೆಯ ನೆರಿಗೆಯೆಲ್ಲ ತೊಯ್ಯುವಂತೆ ಹೊಯ್ದುಬಿಟ್ಟಿತು. ಆ ದಿನ ಯಲಬುರ್ಗಿ ಸೀಮೆಯಲ್ಲಿ ಬಿದ್ದ ಮಳೆ ಅದೊಂದೇ. ಶಾಂತವ್ವ ಅಳುತ್ತ ನಗುತ್ತಿದ್ದಳು. ಮುದುಕಿ "ಬದಕ್ತು ಬಿಡ್ರಿ" ಎಂದು ಗೋಡೆಗೊರಗಿ ಕುಳಿತಳು. ನಾನು ಆ ಒದ್ದೆ ಸೀರೆಯಲ್ಲಿ, ಮಡಿ ಮೈಲಿಗೆ ಎಲ್ಲ ಮರೆತು, ಕೂಸಿನ ಪಾದಕ್ಕೆ ಮುತ್ತಿಟ್ಟೆ.

ನಿಂಗಪ್ಪ ಬಾಗಿಲ ಹೊರಗೆ ನಿಂತೇ ಕೇಳಿದ, "ಹೊಳ್ಳಿ ಕೊಪ್ಪಳಕ್ಕ ಹೋಗೂಣೇನ್ರಿ, ಮುಂದಕ್ಕ ಹೋಗೂಣೇನ್ರಿ? ಕುಕನೂರಾಗ ನಮ್ಮ ಸೋದರತ್ತಿ ಮನಿ ಐತಿ, ರಾತ್ರಿ ಅಲ್ಲೇ ಮುಕ್ಕಾಂ ಮಾಡ್ತೀವಿ. ನೀವು ಹೆಂಗಂತೀರಿ ಹಂಗ."

ಶಾಂತವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಮುಂದಕ್ಕೆ ಹೋಗಿ ಎಂದೆ. ಬಿಸಿಲು ಇಳಿದ ಮೇಲೆ ಹೊರಟು, ನಾಳೆ ಬಿಸಿಲು ಏರುವ ಮೊದಲು ಮನೆ ಮುಟ್ಟಿ ಎಂದೆ. ನೀನು ನೀರು ಕುಡಿಯದಿದ್ದರೆ ನಾನೇ ಬಂದು ಹೊಡೆಯುತ್ತೇನೆ ಎಂದೂ ಹೇಳಿದೆ. ಗಾಡಿ ಕುಕನೂರಿನ ದಾರಿ ಹಿಡಿದ ಮೇಲೆ ನಾನು ಕೊಪ್ಪಳದ ಮೋಟಾರು ಹತ್ತಿದೆ.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದರೆ ನೀಲವ್ವ ನಮ್ಮ ಬಾಗಿಲಲ್ಲೇ ಕುಳಿತಿದ್ದಳು. ಅದು ಕರಾವಳಿಯ ಮಂಗಳೂರು ಎಂದು ಶೆಟ್ಟರು ಮಧ್ಯಾಹ್ನವೇ ಬಂದು ಹೇಳಿದ್ದರಂತೆ. ಆಗಿನಿಂದ ಅವಳು ಬಾಯಿಗೆ ಹನಿ ನೀರು ಹಾಕಿರಲಿಲ್ಲ.

"ಕೂಸು?" ಎಂದಳು.

"ಚೆನ್ನಾಗಿದೆ. ಇಲ್ಲಿ ಮುಟ್ಟಿ ನೋಡಿ," ಎಂದು ಸೀರೆಯ ಕಲೆ ತೋರಿಸಿದೆ. ಅವಳು ನೆರಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮೂಸಿ ನೋಡಿದಳು. ಆಮೇಲೆಯೇ ನೀರು ಕುಡಿದಳು.

"ಶಾಂತಾಗ ಗೊತ್ತಿತ್ತೇನ್ರಿ, ಮಳಿ ಆಗಿದ್ದು ಯಾವ ಮಂಗಳೂರಾಗ ಅಂತ?"

ಸುಳ್ಳು ಹೇಳಲು ಆಗಲಿಲ್ಲ. "ಗೊತ್ತಿತ್ತು," ಎಂದೆ.

ನೀಲವ್ವ ಚೊಂಬು ಕೆಳಗಿಟ್ಟಳು. ಓಣಿಯ ಯಾವುದೋ ಮಾಳಿಗೆಯ ಮೇಲೆ ಹಾಸಿಗೆ ಕೊಡವುವ ಸದ್ದು ಕೇಳುತ್ತಿತ್ತು. "ಹಂಗಾರ ಅಕಿ ಮನಿ ಅಕಿಗೆ ಸೇರೈತಿ ಅನ್ರಿ," ಎಂದಳು ಕಡೆಗೆ. "ಛಲೋ ಆತು. ತಾಯಿಗೆ ಮತ್ತೇನು ಬೇಕ್ರಿ?" ಕಣ್ಣೀರು ಮಾತ್ರ ಇಳಿಯುತ್ತಲೇ ಇತ್ತು. ಆಮೇಲೆ ನನ್ನ ಕಡೆ ತಿರುಗಿ, ಆ ದಿನವೆಲ್ಲ ಯಾರೂ ಕೇಳದ ಮಾತು ಕೇಳಿದಳು: "ಮಳಿ ಆಗಿದ್ದು ನಿಮ್ಮೂರಾಗ. ನೀವ್ಯಾಕ ಹೋಗಲಿಲ್ರಿ ಅಕ್ಕಾರ?"

ಹೋಟೆಲು ಬಿಟ್ಟು ಹೇಗೆ ಹೋಗಲಿ, ಹಿಟ್ಟು ಯಾರು ರುಬ್ಬುತ್ತಾರೆ, ಇವರಿಗೆ ಅಡಿಗೆ ಯಾರು ಮಾಡುತ್ತಾರೆ ಎಂದು ನೂರು ಕಾರಣ ನಾಲಿಗೆಯ ತುದಿಗೆ ಬಂದವು. ಬಾಯಿಂದ ಹೊರಟ ಮಾತೇ ಬೇರೆ. "ಇಲ್ಲಿ ಮಳೆ ಆಗಲಿ, ಆಮೇಲೆ ಹೋಗುತ್ತೇನೆ," ಎಂದೆ. ನೀಲವ್ವ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಇಲ್ಲಿ ಮಳೆ ಬಂತು. ಎರೆ ಹೊಲಗಳು ಕಪ್ಪಾದವು, ಬಿತ್ತನೆಯೂ ಮುಗಿಯಿತು. ನಾನು ಇನ್ನೂ ಹೊರಟಿಲ್ಲ. ಓದು ಬಾರದ ನನ್ನ ಅಮ್ಮ ಇದನ್ನು ಪಕ್ಕದ ಮನೆಯವರಿಂದ ಓದಿಸಿ ಕೇಳುತ್ತಾಳೆ, ನನಗೆ ಗೊತ್ತು. ಓದುವವರು ಈ ಕೊನೆಯ ಸಾಲನ್ನು ಅವಳಿಗೆ ಸ್ವಲ್ಪ ಮೆತ್ತಗೆ ಓದಬೇಕು. ಅಮ್ಮ, ಬರುತ್ತೇನೆ. ಇಲ್ಲಿ ಇನ್ನೊಂದು ಮಳೆ ಆಗಲಿ.